ಗೇರಿನಲ್ಲಿ ನಿಲ್ಲಿಸಿದ ಗಾಡಿ

ಸೋಮವಾರ, ಮಾರ್ಚ್ ಹನ್ನೊಂದು
ಸ್ಟೋರಿನಿಂದ, ಮಧ್ಯಾಹ್ನ ಊಟದ ಬಿಡುವಿನಲ್ಲಿ

ರೀ,

ಇಪ್ಪತ್ತು ವರ್ಷ ಹೀಗೇ ಕರೆದವಳು ಈಗ ಕಾಗದದ ಮೇಲೆ ಬೇರೆ ಹೇಗೆ ಕರೆಯಲಿ? ಪ್ರೀತಿಯ, ಪೂಜ್ಯ ಎಂದೆಲ್ಲ ಒಂದು ಹಾಳೆಯಲ್ಲಿ ಬರೆದು ನೋಡಿದೆ. ಗುರುತಿಲ್ಲದವರಿಗೆ ಅರ್ಜಿ ಹಾಕಿದಂತೆ ಕಂಡಿತು, ಹರಿದು ಹಾಕಿದೆ. ನೀವು ಕ್ಷೇಮವೆಂದು ನಿಮ್ಮಕ್ಕನಿಂದ ತಿಳಿಯುತ್ತಿದೆ. ನಾನು ಫೋನ್ ಮಾಡಿದಾಗಲೆಲ್ಲ ‘ಅವ್ನು ಸ್ನಾನಕ್ಕೆ ಹೋಗಿದಾನೆ ಕಣೇ’ ಎನ್ನುತ್ತಾರೆ. ಎಂಟು ತಿಂಗಳಿಂದ ಒಬ್ಬ ಮನುಷ್ಯ ಇಷ್ಟೊಂದು ಸ್ನಾನ ಮಾಡಿದರೆ ಮೈಮೇಲೆ ಚರ್ಮ ಉಳಿದಿದೆಯೋ ಇಲ್ಲವೋ ಎಂದು ನನಗೆ ಚಿಂತೆ. ಅದಕ್ಕೇ ಈ ಪತ್ರ. ಇದನ್ನಾದರೆ ಬಚ್ಚಲಮನೆಯ ಬಾಗಿಲ ಸಂದಿಯಲ್ಲೂ ತೂರಿಸಬಹುದು.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹೋದ ಜುಲೈನಲ್ಲಿ ಗುಡ್ಡದ ಮೇಲೆ ಗಾಡಿ ತಾನಾಗಿ ಉರುಳಿತಲ್ಲ, ಅದು ನಿಮ್ಮ ತಪ್ಪಲ್ಲ. ನನ್ನದು. ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಅದನ್ನು ಬರೆದು ಸಹಿ ಹಾಕಿ ಸೂಪರ್‌ವೈಸರ್ ಕೈಗೆ ಕೊಟ್ಟಿದ್ದೇನೆ. ಅವರು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿ, ದೊಡ್ಡ ಆಫೀಸಿಗೆ ಫೋನ್ ಮಾಡಿದರು. ಗುರುವಾರ ಹನ್ನೊಂದು ಗಂಟೆಗೆ ವಿಚಾರಣೆ ಮತ್ತೆ ನಡೆಯುತ್ತದೆ. ನೀವು ಬರಬೇಕು. ನಿಮ್ಮ ಫೈಲಿನಲ್ಲಿ ‘ಚಾಲಕನ ನಿರ್ಲಕ್ಷ್ಯ’ ಎಂದು ಬರೆದಿದ್ದಾರಲ್ಲ, ಅದನ್ನು ಹೊಡೆದು ಹಾಕಿಸಬೇಕು. ಅದಿರುವ ತನಕ ಯಾರೂ ನಿಮ್ಮ ಕೈಗೆ ಗಾಡಿಯ ಬೀಗದಕೈ ಕೊಡುವುದಿಲ್ಲ. ಯಾರಾದರೂ ಕೊಟ್ಟರೂ ನೀವು ತೆಗೆದುಕೊಳ್ಳುವುದಿಲ್ಲ, ಅದು ನನಗೆ ಗೊತ್ತು. ‘ಸೈಕಲ್ಲೂ ಮುಟ್ಟಲ್ಲ ಕಣೇ, ಕುರ್ಚಿ ಅಂಗಡೀಲಿ ರಸೀದಿ ಬರ್ಕೊಂಡು ಕೂತಿರ್ತಾನೆ’ ಎಂದು ನಿಮ್ಮಕ್ಕ ಹೇಳಿದರು. ನಿಮ್ಮ ಕೈಯನ್ನು ನೀವೇ ನಂಬದ ಹಾಗೆ ಮಾಡಿದವಳು ನಾನು.

ಆ ದಿನವನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಅದರೊಳಗೆ ನೀವು ನೋಡದ ಹತ್ತು ನಿಮಿಷ ಇದೆ. ವರ್ಷಕ್ಕೊಮ್ಮೆ ಗುಡ್ಡದ ತುದಿಯ ಟವರ್ ಸ್ಟೇಷನ್ನಿನ ಸಾಮಾನು ಎಣಿಸಲು ಸ್ಟೋರಿನವಳಾದ ನಾನು ನಿಮ್ಮ ಜೊತೆ ಪಿಕಪ್ಪಿನಲ್ಲಿ ಬರುತ್ತಿದ್ದೆ, ಅವತ್ತೂ ಬಂದೆ. ಡಾಂಬರು ಮುಗಿದು ಕಲ್ಲುದಾರಿ ಶುರುವಾಗುವಲ್ಲಿ ನಿಲ್ಲಿಸಿದಿರಿ. ದೊಡ್ಡ ಗೇರಿನ ಪಕ್ಕದಲ್ಲಿರುವ ಸಣ್ಣ ಲಿವರನ್ನು ಎರಡು ಸಲ ಮೆಲ್ಲಗೆ ಅಲುಗಿಸಿ ಹಿಂದಕ್ಕೆಳೆದು, ನಾಲ್ಕೂ ಚಕ್ರಕ್ಕೆ ಒಟ್ಟಿಗೆ ಬಲ ಕೊಡುವ ಲೋಗೆ ಹಾಕಿದಿರಿ. ಗಾಡಿ ಗುರುಗುಟ್ಟುತ್ತ, ನಡೆದು ಹೋಗುವವರೂ ನಮ್ಮನ್ನು ಹಿಂದೆ ಹಾಕುವಷ್ಟು ನಿಧಾನವಾಗಿ ಏರಿತು. ಮೇಲೆ ಹೋಗಿ ತಿರುಗಿಸಿ, ಹಿಂಭಾಗ ಸ್ಟೇಷನ್ ಬಾಗಿಲಿಗೆ, ಮೂತಿ ಇಳಿಜಾರಿಗೆ ಮಾಡಿ ನಿಲ್ಲಿಸಿದಿರಿ. ಇಳಿಯುವಾಗಲೂ ಲೋ ಬೇಕಲ್ಲ, ಸಣ್ಣ ಲಿವರನ್ನು ಹಾಗೇ ಬಿಟ್ಟಿರಿ. ದೊಡ್ಡದನ್ನು ಮೊದಲ ಗೇರಿಗೆ ಹಾಕಿ ಇಳಿದು ಹೋದಿರಿ. ನಾನು ಕಿಟಕಿಯ ಆಚೆ ನೋಡುತ್ತಿದ್ದೆ, ಹ್ಯಾಂಡ್‌ಬ್ರೇಕ್ ಎಳೆದದ್ದನ್ನು ನೋಡಲಿಲ್ಲ.

ಹೊರಗೆ ಗಾಳಿ ಕಿವಿ ಕಿತ್ತುಹೋಗುವಂತಿತ್ತು. ಎಣಿಕೆ ಶುರುವಾದರೆ ಸಂಜೆಯವರೆಗೆ ಊಟವಿಲ್ಲವೆಂದು ನಾನು ಗಾಡಿಯಲ್ಲೇ ಕೂತು ಉಣ್ಣಲು ಹೊರಟೆ. ಮೂರು ಡಬ್ಬಿಯ ಕ್ಯಾರಿಯರನ್ನು ಎರಡು ಸೀಟಿನ ನಡುವೆ ಇಟ್ಟರೆ ಆ ಸಣ್ಣ ಲಿವರಿನ ಗುಂಡು ಅಡ್ಡ ಬಂದು ಅದು ವಾಲಿತು. ಸಾರು ಚೆಲ್ಲುತ್ತದೆಂದು ಲಿವರನ್ನು ಅಂಗೈಯಿಂದ ಚೂರು ಮುಂದಕ್ಕೆ ತಳ್ಳಿದೆ. ಸುಲಭವಾಗಿ ಬಂತು. ಡಬ್ಬಿ ನೆಟ್ಟಗೆ ಕೂತಿತು. ಉಂಡೆ, ಕಟ್ಟಿದೆ, ಇಳಿದು ಒಳಗೆ ಹೋಗಿ ಫ್ಯೂಸು ಎಣಿಸತೊಡಗಿದೆ. ನೀವೂ ಟೆಕ್ನಿಷಿಯನ್ನೂ ಹಳೆಯ ಬ್ಯಾಟರಿಗಳನ್ನು ಹಿಂದೆ ತುಂಬುತ್ತಿದ್ದಿರಿ. ನಾಲ್ಕನೆಯದನ್ನು ಧಡ್ಡೆಂದು ಇಟ್ಟಾಗ ಗಾಡಿ ಹೊರಟೇಬಿಟ್ಟಿತು.

ಜನರೇಟರ್ ಕೋಣೆಯ ಗೋಡೆ ಕೆಡವಿ, ಕಮರಿಯಂಚಿನಲ್ಲಿ ಹೋಗಿ ಸಿಕ್ಕಿಕೊಂಡಿತು. ಯಾರಿಗೂ ಏನೂ ಆಗಲಿಲ್ಲ ಎನ್ನುವುದನ್ನು ಆಮೇಲೆ ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಪೇಟೆಯಲ್ಲಿ ಒಂಬತ್ತು ದಿನ ಫೋನಿಲ್ಲ. ಒಂಬತ್ತು ದಿನವೂ ಎಲ್ಲರ ಬಾಯಲ್ಲಿ ನೀವೇ. ಕ್ಷೌರದಂಗಡಿಯವನು ನಿಮ್ಮ ಕುತ್ತಿಗೆಗೆ ಬಟ್ಟೆ ಕಟ್ಟಿ, ‘ಕುರ್ಚಿಗೆ ಹ್ಯಾಂಡ್‌ಬ್ರೇಕ್ ಹಾಕ್ಲಾ ಸಾರ್’ ಅಂದನಂತೆ. ನೀವು ಅರ್ಧ ಕತ್ತರಿಸಿದ ತಲೆಯಲ್ಲೇ ಎದ್ದು ಮನೆಗೆ ಬಂದಿರಿ. ನಾನು ಮಿಕ್ಕರ್ಧ ಕತ್ತರಿಸಿದೆ. ಆಗ ನಗು ಬಂದಿತ್ತು, ನೀವು ನಗಲಿಲ್ಲವೆಂದು ನುಂಗಿಕೊಂಡೆ.

ಆಮೇಲೆ ವಿಚಾರಣೆ. ಗಾಜು ಹಾಸಿದ ಆ ದೊಡ್ಡ ಮೇಜು, ಆಚೆ ಮೂವರು, ಈಚೆ ನೀವು. ಗೋಡೆಯ ಬದಿಯ ಬೆಂಚಿನಲ್ಲಿ ನಾನು. ಗೇರು ಮೊದಲನೆಯದರಲ್ಲೇ ಸಿಕ್ಕಿದೆ, ಹಾಗಿದ್ದೂ ಗಾಡಿ ಉರುಳಿದೆ ಅಂದರೆ ಗೇರು ಸರಿಯಾಗಿ ಕೂತಿರಲಿಲ್ಲ, ಹ್ಯಾಂಡ್‌ಬ್ರೇಕೂ ಎಳೆದಿರಲಿಲ್ಲ ಎಂದು ಅವರು ಮೊದಲೇ ತೀರ್ಮಾನಿಸಿ ಬಂದಿದ್ದರು. ಬ್ರೇಕಿನ ಕೇಬಲ್ ಸಡಿಲವಾಗಿದೆ ಎಂದು ನೀವು ಎರಡು ಸಲ ಬರೆದುಕೊಟ್ಟಿದ್ದನ್ನೂ, ಗುದ್ದಿದ ಏಟಿಗೆ ಅದು ಕಿತ್ತು ಹಿಡಿ ಕೆಳಗೆ ಬಿದ್ದಿರಬಹುದು ಎಂದದ್ದನ್ನೂ ಯಾರೂ ಎತ್ತಲಿಲ್ಲ. ನನ್ನನ್ನು ಕೇಳಿದರು. ನಾನು, ‘ದಿನಾ ಎಳೀತಾರೆ ಸಾರ್. ಅವತ್ತು ಮರೆತಿದ್ರೂ ಮರೆತಿರಬಹುದು’ ಅಂದೆ. ನೋಡದ್ದನ್ನು ನೋಡಿದೆ ಎನ್ನುವುದು ಸುಳ್ಳಾಗುತ್ತದೆ ಎಂದು ನನ್ನ ಲೆಕ್ಕ. ಎಂಥ ಸತ್ಯವಂತೆ! ನೀವು ಆಗಲೇ ಮೊದಲ ಸಲ ಆ ಮಾತು ಕೇಳಿದ್ದು, ನಾಲ್ಕು ಜನರ ಎದುರು. ತಿರುಗಿ ನೋಡಿದಿರಿ. ಸಿಟ್ಟಿನ ನೋಟವಲ್ಲ ಅದು. ಸಿಟ್ಟಾಗಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಒಂದೇ ಪ್ರಶ್ನೆ ಕೇಳಿದಿರಿ: ‘ನಾನು ಎಳೆದಿದ್ದೆ ಅಂದ್ರೆ ನಿಂಗೆ ಸಾಲಲ್ವಾ?’ ನಾನು ಪಾತ್ರೆ ತೊಳೆಯುತ್ತಿದ್ದೆ. ಸಾಲುತ್ತದೆ ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಕಣ್ಣಾರೆ ಕಂಡಿಲ್ಲವಲ್ಲ ಎಂದು ವಾದ ಮಾಡಿದೆ. ಮರುದಿನ ನೀವು ಬ್ಯಾಗು ಹಿಡಿದು ನಿಮ್ಮಕ್ಕನ ಮನೆಗೆ ಹೋದಿರಿ.

ಇನ್ನು ನಾನು ನಿಮ್ಮ ಸೀಟಿನಲ್ಲಿ ಕೂತ ಕಥೆ. ಇದನ್ನು ನೀವು ಬೇರೆಯವರಿಂದ ಕೇಳಿದ್ದೀರಿ, ಮೂಗು ಮುರಿದಿದ್ದೀರಿ ಎಂದೂ ಗೊತ್ತು. ಗಾಡಿ ಗ್ಯಾರೇಜಿನಿಂದ ಹೊಸ ಮೂತಿ, ಹೊಸ ಕೇಬಲ್ ಹಾಕಿಸಿಕೊಂಡು ಬಂತು. ಓಡಿಸುವವರು ಬರಲಿಲ್ಲ. ಬಂದವರು ಗುಡ್ಡ ನೋಡಿ ಹಿಂದಿರುಗಿದರು. ಸ್ಟೇಷನ್ನಿಗೆ ಡೀಸೆಲ್ಲನ್ನು ತಲೆಹೊರೆಯಲ್ಲಿ ಸಾಗಿಸುವ ಮಟ್ಟಕ್ಕೆ ಬಂದಾಗ ಸೂಪರ್‌ವೈಸರ್, ‘ನಿಮ್ಗೆ ಲೈಸೆನ್ಸ್ ಇದ್ಯಲ್ಲಮ್ಮ’ ಎಂದರು. ಲೈಸೆನ್ಸ್ ಇತ್ತು, ಪೇಟೆಯ ಸಪಾಟು ಬೀದಿ ಬಿಟ್ಟು ಬೇರೆ ಕಂಡಿರಲಿಲ್ಲ. ಆದರೂ ಹೂಂ ಅಂದೆ. ನಿಜ ಹೇಳಬೇಕೆಂದರೆ ಅರ್ಧ ನಿಮ್ಮನ್ನು ಉರಿಸಬೇಕೆಂದೇ ಅಂದೆ. ನನ್ನ ಗಾಡಿಯನ್ನು ಅವಳು ಓಡಿಸುವುದೇ ಎಂದು ಸಿಟ್ಟು ಬಂದಾದರೂ ಒಂದು ಫೋನ್ ಮಾಡುತ್ತೀರಿ ಎಂದುಕೊಂಡೆ. ನೀವು ಸ್ನಾನ ಮಾಡುತ್ತಲೇ ಇದ್ದಿರಿ.

ನವೆಂಬರಿನಲ್ಲಿ ಕಂಪನಿಯವರು ಕಲಿಸಲು ಒಬ್ಬ ಹಿರಿಯರನ್ನು ಕಳಿಸಿದರು. ಮೂವತ್ತು ವರ್ಷ ಗಣಿಯಲ್ಲಿ ಗಾಡಿ ಓಡಿಸಿದವರು. ಮಾತೆತ್ತಿದರೆ ನಿಧಾನವೇ ಪ್ರಧಾನ, ಅದಕ್ಕೆ ಸ್ಟೋರಿನಲ್ಲಿ ಎಲ್ಲರೂ ಅವರನ್ನು ನಿಧಾನಪ್ಪ ಅಂತಲೇ ಕರೆದೆವು. ಮೊದಲ ದಿನ ಗಾಡಿಯನ್ನು ಅಂಗಳದಿಂದ ಆಚೆ ಬಿಡಲೇ ಇಲ್ಲ. ‘ಗಾಡಿ ಪೂರ್ತಿ ನಿಲ್ಬೇಕು. ಕ್ಲಚ್ ಪೂರ್ತಿ ಒತ್ಬೇಕು. ದೊಡ್ ಗೇರು ನ್ಯೂಟ್ರಲ್ಲಿಗೆ ಬರ್ಬೇಕು. ಆಮೇಲೆ ಸಣ್ಣದಕ್ಕೆ ಕೈ ಹಾಕಿ’ ಎಂದು ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಮಾಡಿಸಿದರು. ಲಿವರ್ ಲೋಗೆ ಕೂರದಿದ್ದಾಗ ನಾನು ಎರಡೂ ಕೈಯಿಂದ ಜಗ್ಗಿದೆ. ‘ಒದ್ದು ತೆಗೆಯೋಕೆ ಅದೇನು ಬಾಗಿಲಾ ಅಮ್ಮಾ? ಹಲ್ಲಿಗೆ ಹಲ್ಲು ಕೂರ್ಲಿಲ್ಲ ಅಂದ್ರೆ ಗಾಡೀನ ಒಂದು ಗೇಣು ಉರುಳ್ಸಿ, ಮತ್ತೆ ಮೆಲ್ಲಗೆ ಕೇಳಿ’ ಎಂದರು. ನೀವು ಎರಡು ಸಲ ಅಲುಗಿಸುತ್ತಿದ್ದದ್ದು ಯಾಕೆಂದು ಆಗ ಗೊತ್ತಾಯಿತು. ಇಪ್ಪತ್ತು ವರ್ಷ ಅದನ್ನು ನಿಮ್ಮ ಯಾವುದೋ ಶಕುನ ಎಂದುಕೊಂಡು ಒಳಗೊಳಗೇ ನಗುತ್ತಿದ್ದೆ.

ಮೂರನೆಯ ದಿನ ಕಲ್ಲುದಾರಿ ಹತ್ತಿಸಿದರು. ಲೋ ಹಾಕಿದ ಮೇಲೆ ಮೊದಲ ಗೇರಿನಲ್ಲೇ ಹತ್ತಿಸಿದರೆ ಬಲ ಜಾಸ್ತಿ ಎಂದು ನಾನು ಒತ್ತಿದೆ. ಜಲ್ಲಿಯ ಮೇಲೆ ಚಕ್ರ ಗಿರ್ರೆಂದು ತಿರುಗಿ ಕಲ್ಲು ಹಾರಿಸಿತು, ಗಾಡಿ ಅಲ್ಲೇ. ಎರಡನೆಯದಕ್ಕೆ ಹಾಕಿಸಿ, ಆಕ್ಸಿಲರೇಟರ್ ಮೇಲೆ ಕಾಲನ್ನು ಸುಮ್ಮನೆ ಇಡಿಸಿದರು, ಅದೇ ಗಾಡಿ ಅದೇ ಕಲ್ಲಿನ ಮೇಲೆ ಹಸುವಿನ ಹಾಗೆ ನಡೆಯಿತು. ಏರು ಶುರುವಾಗುವ ಮೊದಲೇ ಗೇರು ಆರಿಸಿಕೊಳ್ಳಬೇಕು, ನಡುದಾರಿಯಲ್ಲಿ ಮನಸ್ಸು ಬದಲಾಯಿಸಬಾರದು ಎಂದು ಪಾಠ. ಏರಿನಲ್ಲಿ ನಿಂತುಹೋದರೆ ಕ್ಲಚ್ ಒತ್ತಿ ಜಾರಿಕೊಂಡು ಹಿಂದೆ ಬರಬಾರದು. ಬ್ರೇಕ್ ಹಿಡಿದು, ರಿವರ್ಸ್ ಹಾಕಿ, ಗೇರಿನ ಹಿಡಿತದಲ್ಲೇ ನೆಟ್ಟಗೆ ಹಿಂದಕ್ಕೆ ಇಳಿಯಬೇಕು. ಮೊದಲ ಸಲ ಹಾಗೆ ಇಳಿದಾಗ ನನ್ನ ಬಾಯಲ್ಲಿ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನಿಧಾನಪ್ಪನವರಿಗೆ ಒಂದು ಕಿವಿ ಮಂದ, ಪುಣ್ಯ.

ಇಳಿಯುವುದನ್ನು ಮಾತ್ರ ವಿವರವಾಗಿ ಹೇಳಬೇಕು. ಆ ಕಡಿದಾದ ತಿರುವಿನ ಮೇಲೆ ನಿಲ್ಲಿಸಿ, ಲೋನಲ್ಲಿ ಮೊದಲ ಗೇರು ಹಾಕಿಸಿ, ‘ಈಗ ಎರಡೂ ಕಾಲು ಕೆಳಗಿಡಿ’ ಎಂದರು. ಬ್ರೇಕ್ ಮೇಲೂ ಇಲ್ಲ, ಕ್ಲಚ್ ಮೇಲೂ ಇಲ್ಲ. ‘ಗಾಡಿ ಹಿಡ್ಕೊಳತ್ತೆ. ಹೆದರ್ಕೊಂಡು ಕ್ಲಚ್ ಒತ್ತಿದ್ರೋ, ಹಿಡ್ಕೊಂಡಿರೋ ಕೈನ ನೀವೇ ಬಿಡಿಸ್ದಂಗೆ.’ ಕಣ್ಣ ಮುಂದೆ ಬರೀ ಆಕಾಶ, ಆಮೇಲೆ ಬರೀ ನೆಲ. ಕಾಲು ತಾನಾಗಿ ಬ್ರೇಕಿಗೆ ಓಡುತ್ತಿತ್ತು, ಸೀಟಿಗೆ ಒತ್ತಿ ಹಿಡಿದುಕೊಂಡೆ. ಇಂಜಿನ್ ಗೊಣಗುತ್ತ ಗೊಣಗುತ್ತ ಒಂದೊಂದೇ ಕಲ್ಲನ್ನು ಇಳಿಸಿತು. ಕೆಳಗೆ ಬಂದು ನಿಂತಾಗ ನನಗೆ ಅಳು, ನಗು ಒಟ್ಟಿಗೇ ಬಂತು. ನಲವತ್ತಾರನೆಯ ವಯಸ್ಸಿನಲ್ಲಿ ಇಷ್ಟು ಖುಷಿಪಡುವ ಒಂದು ಕೆಲಸ ನನಗೆ ಸಿಗುತ್ತದೆಂದು ನಾನು ಎಣಿಸಿರಲಿಲ್ಲ. ಅದನ್ನು ಓಡಿಬಂದು ಹೇಳಬೇಕೆನಿಸಿತು. ಹೇಳಬೇಕಾದವರು ಮನೆಯಲ್ಲಿರಲಿಲ್ಲ.

ಮಾನ ಹೋದ ಕಥೆಯನ್ನೂ ಹೇಳುತ್ತೇನೆ, ಸಮಾಧಾನಪಟ್ಟುಕೊಳ್ಳಿ. ಅದೇ ಸಂಜೆ ಬೀಗಿಕೊಂಡು ಲೋನಲ್ಲೇ ಪೇಟೆಯೊಳಗೆ ಬಂದೆ. ಬೇಕರಿ ತಿರುವಿನಲ್ಲಿ ಸ್ಟಿಯರಿಂಗ್ ಕಲ್ಲಾಯಿತು, ಟೈರು ಕಿರ್ರೋ ಎಂದು ಅತ್ತಿತು, ಕೆಳಗೆ ಏನೋ ಕಟಕಟ ಎಂದಿತು. ಸಣ್ಣ ಲಿವರನ್ನು ಮುಂದಕ್ಕೆ ತಳ್ಳಿದರೆ ಬೆಸುಗೆ ಹಾಕಿದ ಹಾಗೆ ಅಲ್ಲಾಡಲಿಲ್ಲ. ಹಿಂದೆ ಬಸ್ಸು, ಪಕ್ಕದಲ್ಲಿ ಬೇಕರಿಯವನು, ಅವನ ಎಲ್ಲ ಗಿರಾಕಿಗಳು. ‘ಡಾಂಬರಲ್ಲಿ ಚಕ್ರ ಜಾರಲ್ಲ ಅಮ್ಮಾ. ತಿರುವಲ್ಲಿ ಮುಂದಿಂದು ಒಂದಷ್ಟು ದೂರ ಹೋಗ್ಬೇಕು ಅನ್ನತ್ತೆ, ಹಿಂದಿಂದು ಇನ್ನೊಂದಷ್ಟು ಅನ್ನತ್ತೆ. ಎರಡನ್ನೂ ಒಟ್ಟಿಗೆ ಕಟ್ಟಿ ಹಾಕಿದ್ರೆ ನಡುವೆ ಇರೋದು ತಿರುಚ್ಕೊಳತ್ತೆ’ ಎಂದರು ನಿಧಾನಪ್ಪ. ಮುಂದೆ ಗಂಡ ಹೆಂಡತಿಯ ಹೋಲಿಕೆ ಕೊಡಲು ಬಾಯಿ ತೆರೆದರು. ನನ್ನ ಮುಖ ನೋಡಿ ಮುಚ್ಚಿಕೊಂಡರು. ಬಸ್ಸನ್ನು ಹಿಂದೆ ಸರಿಸಿ, ನಾನು ಎರಡು ಮಾರು ನೆಟ್ಟಗೆ ಹಿಂದಕ್ಕೆ ಬಂದ ಮೇಲೆ ಲಿವರ್ ತಾನಾಗಿ ಸಡಿಲವಾಯಿತು. ಆವತ್ತಿನಿಂದ ಡಾಂಬರು ಕಂಡ ತಕ್ಷಣ ನಿಲ್ಲಿಸಿ, ಹಿಂದಿನ ಎರಡೇ ಚಕ್ರ ಎಳೆಯುವ ಟೂ ವೀಲಿಗೆ ಹಾಕುತ್ತೇನೆ.

ಹೋದ ವಾರ ನಿಧಾನಪ್ಪ ವರ್ಷದ ತಪಾಸಣೆಗೆಂದು ಮತ್ತೆ ಬಂದಿದ್ದರು. ಕಲ್ಲುದಾರಿಯ ಕೆಳಗಿನ ಸಣ್ಣ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ, ಹತ್ತು ಹೆಜ್ಜೆ ಮುಂದೆ ಒಂದು ಮರದ ದಿಮ್ಮಿ ಅಡ್ಡ ಹಾಕಿದರು. ಲೋ, ಮೊದಲ ಗೇರು, ಇಂಜಿನ್ ಬಂದ್. ಹ್ಯಾಂಡ್‌ಬ್ರೇಕನ್ನು ಬೇಕೆಂದೇ ಬಿಟ್ಟರು. ಗಾಡಿ ಬಂಡೆಯ ಹಾಗೆ ನಿಂತಿತ್ತು. ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದು ಭಾರವನ್ನೆಲ್ಲ ಅದರ ಮೇಲೆ ತಂದು, ಸಣ್ಣ ಲಿವರನ್ನು ಲೋಗೂ ಹೈಗೂ ನಡುವಿನ ಜಾಗಕ್ಕೆ ಒಂದೇ ಬೆರಳಲ್ಲಿ ತಳ್ಳಿದರು. ದೊಡ್ಡ ಗೇರನ್ನು ಮುಟ್ಟಲಿಲ್ಲ, ಅದು ಮೊದಲನೆಯದರಲ್ಲೇ ಇತ್ತು. ‘ನೋಡಿ ಈಗ’ ಎಂದು ಹ್ಯಾಂಡ್‌ಬ್ರೇಕ್ ಬಿಟ್ಟರು. ಗಾಡಿ ಸದ್ದಿಲ್ಲದೆ ಹೊರಟು ದಿಮ್ಮಿಗೆ ಗುದ್ದಿ ನಿಂತಿತು. ‘ಗೇರಲ್ಲೇನೋ ಇದೆ, ಆದ್ರೆ ಗೇರಿಗೂ ಚಕ್ರಕ್ಕೂ ಸಂಬಂಧನೇ ಇಲ್ಲ. ಇದು ಗೊತ್ತಿಲ್ದೆ ಗೇರಲ್ಲಿ ನಿಲ್ಸಿದೀನಿ ಅಂತ ನೆಮ್ಮದಿಯಾಗಿ ಹೋಗಿ ಗಾಡಿ ಕಳ್ಕೊಂಡೋರು ಇದಾರೆ’ ಎಂದರು.

ಡಬ್ಬಿ, ಸಾರು, ಅಂಗೈ ಎಲ್ಲ ಕಣ್ಣ ಮುಂದೆ ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಅವರಿಗೇನು ಗೊತ್ತು, ನೀರು ಬೇಕಾ ಎಂದು ಕೇಳಿದರು.

ಈಗ ನೀವು ಸಮಾಧಾನದಿಂದ ಓದಬೇಕಾದ ಭಾಗ ಬಂತು. ನೀವು ಹ್ಯಾಂಡ್‌ಬ್ರೇಕ್ ಎಳೆಯದೇ ಹೋಗಿದ್ದರೆ, ನಾನು ಲಿವರ್ ತಳ್ಳಿದ ಆ ಕ್ಷಣದಲ್ಲೇ ಗಾಡಿ ನನ್ನನ್ನೂ ಸಾರನ್ನೂ ಹೊತ್ತುಕೊಂಡು ಹೊರಡಬೇಕಿತ್ತು. ಹೊರಡಲಿಲ್ಲ. ನಾನು ಪೂರ್ತಿ ಉಂಡು, ಡಬ್ಬಿ ಕಟ್ಟಿ, ಇಳಿದು ಹೋಗಿ, ನೀವು ಮೂರು ಬ್ಯಾಟರಿ ಏರಿಸುವವರೆಗೆ ನಿಂತಿತ್ತು. ಆ ಸಡಿಲ ಕೇಬಲ್ಲಿನ ಮೇಲೆ, ಒಂದೇ ಒಂದರ ಮೇಲೆ. ಅಂದರೆ ನೀವು ಎಳೆದಿದ್ದಿರಿ, ಚೆನ್ನಾಗಿ ಎಳೆದಿದ್ದಿರಿ. ನಾನಿವತ್ತು ಕೂತು ಬರೆಯುತ್ತಿರುವುದಕ್ಕೂ ನೀವು ಎಳೆದ ಆ ಹ್ಯಾಂಡ್‌ಬ್ರೇಕೇ ಕಾರಣ. ನೀವು ಮರೆತಿರಲಿಲ್ಲ. ಇದನ್ನು ಎಷ್ಟು ಸಲ ಬೇಕಾದರೂ ಬರೆಯುತ್ತೇನೆ.

ಬರೀ ನನ್ನ ಮಾತನ್ನು ಆಫೀಸಿನವರು ನಂಬುವುದಿಲ್ಲ, ಗಂಡನನ್ನು ಉಳಿಸಲು ಕಟ್ಟಿದ ಕಥೆ ಎನ್ನುತ್ತಾರೆ. ಅದಕ್ಕೆ ಮೊನ್ನೆ ಶನಿವಾರ ಕ್ರೇನಿನವನ ಶೆಡ್ಡಿಗೆ ಹೋಗಿದ್ದೆ. ಕಮರಿಯಂಚಿನಿಂದ ಗಾಡಿ ಎತ್ತಿದವನು ಅವನೇ ಅಲ್ಲವೇ? ಅವನು ಗ್ರೀಸಿನ ಕೈ ಒರೆಸಿಕೊಳ್ಳುತ್ತ ಹೇಳಿದ: ‘ಎಳೆಯೋಕೆ ಮುಂಚೆ ಸಣ್ಣ ಲಿವರ್ ನಡುವಿಗೆ ಹಾಕ್ಬೇಕು ಅಂತ ಕೈ ಹಾಕ್ದೆ ಅಕ್ಕಾ, ಆಗ್ಲೇ ನಡುವಲ್ಲೇ ಇತ್ತು. ನಿಮ್ಮನೆಯೋರೇ ಹಾಕಿಟ್ಟಿದಾರೆ, ಬುದ್ಧಿವಂತ್ರು ಅಂದ್ಕೊಂಡೆ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.’ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಅದನ್ನು ತಪ್ಪಿಸಬಹುದಾಗಿದ್ದ ಒಂದು ಮಾತು ಇಷ್ಟು ದಿನ ಅವನ ಶೆಡ್ಡಿನಲ್ಲಿ ಬಿದ್ದಿತ್ತು. ಅವನಿಂದಲೂ ಬರೆಸಿಕೊಂಡು ನನ್ನ ಹೇಳಿಕೆಗೆ ಪಿನ್ ಹಾಕಿದ್ದೇನೆ.

ಒಂದು ಮಾತು ನಿಮಗೂ ಹೇಳಬೇಕು. ಹೇಳದಿದ್ದರೆ ಈ ಪತ್ರ ಬರೆದವಳು ನಾನೇ ಎಂದು ನಿಮಗೆ ನಂಬಿಕೆ ಬರುವುದಿಲ್ಲ. ಇಪ್ಪತ್ತು ವರ್ಷ ಆ ಲಿವರ್ ಕಂಡಾಗಲೆಲ್ಲ ‘ಅದನ್ನ ಮುಟ್ಬೇಡ’ ಎಂದಿರಿ. ಯಾಕೆಂದು ಒಂದು ದಿನ ಹೇಳಲಿಲ್ಲ. ಮುಟ್ಟಬೇಡ ಎಂದಿದ್ದಕ್ಕೆ ನನಗೆ ಅದು ನಿಮ್ಮ ಷೇವಿಂಗ್ ಸೆಟ್ಟಿನ ಹಾಗೆ, ನಿಮ್ಮ ಕನ್ನಡಕದ ಡಬ್ಬಿಯ ಹಾಗೆ. ಬೇಡ ಅಂದಿದ್ದಾರೆ, ಅವರಿಲ್ಲದಾಗ ಚೂರು ಸರಿಸಿದರೆ ಏನಾಗುತ್ತದೆ ಎಂಬ ಸದರ. ಅದರಿಂದ ಗಾಡಿ ಓಡಿಹೋಗಬಹುದು ಎಂದು ಒಂದು ಮಾತು ಹೇಳಿದ್ದರೆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಉಣ್ಣುತ್ತಿದ್ದೆ. ನನ್ನ ತಪ್ಪನ್ನು ನಿಮ್ಮ ತಲೆಗೆ ಕಟ್ಟುತ್ತಿಲ್ಲ, ಹೇಳಿಕೆಯಲ್ಲಿ ಇದನ್ನು ಬರೆದೂ ಇಲ್ಲ. ಇದು ನಮ್ಮಿಬ್ಬರ ನಡುವಿನದು.

ಗುರುವಾರ ಅವರು ಗಾಡಿಯನ್ನು ಇಳಿಜಾರಿಗೆ ತೆಗೆದುಕೊಂಡು ಹೋಗಿ ತೋರಿಸಿ ಎನ್ನುತ್ತಾರೆ. ತೋರಿಸುವವರು ನೀವೇ ಆಗಬೇಕೆಂದು ನಾನು ಕೇಳಿಕೊಂಡಿದ್ದೇನೆ. ನಾನು ತೋರಿಸಿದರೆ ಅದು ನನ್ನ ತಪ್ಪೊಪ್ಪಿಗೆ ಅಷ್ಟೇ. ನೀವು ತೋರಿಸಿದರೆ ಅವರು ನಿಮ್ಮ ಕೈ ನೋಡುತ್ತ ಕೂರಬೇಕಾಗುತ್ತದೆ. ಸೀಟನ್ನು ನಾನು ಮುಂದಕ್ಕೆ ಎಳೆದುಕೊಂಡಿದ್ದೇನೆ, ನಿಮ್ಮ ಕಾಲಿಗೆ ಹಿಂದಕ್ಕೆ ಸರಿಸಿಕೊಳ್ಳಿ. ಕ್ಲಚ್ ಈಗ ಸ್ವಲ್ಪ ಮೇಲೆ ಹಿಡಿಯುತ್ತದೆ.

ಇದರಿಂದ ನನ್ನ ಡ್ರೈವರ್ ಕೆಲಸ ಹೋಗಬಹುದು. ಹೋದರೆ ಹೋಗಲಿ. ಸ್ಟೋರಿನ ಕುರ್ಚಿ ಎಲ್ಲಿಗೂ ಓಡಿಹೋಗಿಲ್ಲ, ಮೊದಲು ಮಾಡಿದ್ದನ್ನೇ ಮಾಡಿಕೊಂಡಿರುತ್ತೇನೆ. ಅದರ ಬಗ್ಗೆ ನೀವು ತಲೆ ಕೆಡಿಸಿಕೊಳ್ಳಬೇಡಿ.

ಮನೆಗೆ ಬನ್ನಿ ಎಂದು ಬರೆಯುವ ಮುಖ ನನಗಿಲ್ಲ. ನೀವು ಸಾಲಲ್ವಾ ಎಂದು ಕೇಳಿದ್ದಕ್ಕೆ ಉತ್ತರವನ್ನು ಮಾತ್ರ ಈಗ ಬರೆಯುತ್ತೇನೆ: ಸಾಲುತ್ತದೆ. ಲಿವರ್, ಕ್ರೇನಿನವನ ಚೀಟಿ ಯಾವುದೂ ಇಲ್ಲದೆಯೂ ಸಾಲಬೇಕಿತ್ತು. ಗಾಡಿ ಉರುಳಿಸಿದ್ದು ಗೊತ್ತಿಲ್ಲದೆ ಮಾಡಿದ ತಪ್ಪು. ಆ ಬೆಂಚಿನ ಮೇಲೆ ಕೂತು ಆಡಿದ ಮಾತು ಗೊತ್ತಿದ್ದೇ ಆಡಿದ್ದು. ಮಾತು ಆಡಿದರೆ ಹೋಯಿತು ಎನ್ನುವುದು ಸುಳ್ಳಲ್ಲ.

ನಿಮ್ಮಕ್ಕನಿಗೆ ನಮಸ್ಕಾರ ತಿಳಿಸಿ. ಇಷ್ಟು ಸುಳ್ಳನ್ನು ಅಷ್ಟು ಚೆನ್ನಾಗಿ ಹೇಳಿದ್ದಕ್ಕೆ ನನಗೆ ಅವರ ಮೇಲೆ ಕೋಪವಿಲ್ಲ ಎಂದೂ ತಿಳಿಸಿ.

ಹೆಂಡತಿ ಎಂದು ಸಹಿ ಹಾಕಲು ನಿಮ್ಮ ಒಪ್ಪಿಗೆ ಬೇಕಾದೀತು ಎಂದು, ನೀವೇ ಇಟ್ಟ ಹೆಸರಿನಿಂದ,

ಸ್ಟೋರಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದ್ದೇನೆ. ನಿಧಾನಪ್ಪ ಹೋದ ವಾರ ಬಂದೇ ಇಲ್ಲ. ಆ ಮರದ ದಿಮ್ಮಿಯ ಪಾಠ ಹೇಳಿದ್ದು ನವೆಂಬರಿನಲ್ಲಿ, ತರಬೇತಿಯ ಎರಡನೆಯ ದಿನ. ಅಂದರೆ ನಾಲ್ಕು ತಿಂಗಳಿಂದ ನನಗೆ ಗೊತ್ತಿತ್ತು. ಮೊದಲು ಹೆದರಿಕೆಯಿಂದ ಸುಮ್ಮನಿದ್ದೆ. ಮೂರನೆಯ ದಿನ ಆ ತಿರುವನ್ನು ಇಳಿದ ಮೇಲೆ ಆಸೆಯಿಂದ ಸುಮ್ಮನಿದ್ದೆ. ಹೇಳಿದರೆ ಗಾಡಿ ಹೋಗುತ್ತದೆ. ವಾರಕ್ಕೆ ಮೂರು ಸಲ ಗುಡ್ಡ ಹತ್ತುವಾಗಲೂ ಇಳಿದ ಮೇಲೆ ಹೇಳುತ್ತೇನೆ ಎಂದುಕೊಂಡೆ, ಇಳಿದ ಮೇಲೆ ಇನ್ನೊಂದು ಸಲ ಹತ್ತಿ ಹೇಳುತ್ತೇನೆ ಎಂದುಕೊಂಡೆ. ಕ್ರೇನಿನವನನ್ನು ಕೇಳಿದ್ದು ಮಾತ್ರ ಮೊನ್ನೆಯೇ. ಕೇಳಿದರೆ ಖಚಿತವಾಗಿಬಿಡುತ್ತದೆಂದು ಅವನ ಶೆಡ್ಡಿನ ಬೀದಿಗೇ ಹೋಗುತ್ತಿರಲಿಲ್ಲ. ಹೋದ ಶುಕ್ರವಾರ ನನ್ನನ್ನು ಖಾಯಂ ಡ್ರೈವರ್ ಮಾಡುವ ಕಾಗದ ಬಂತು. ಹಿಂದಿನ ಚಾಲಕ ತೆರವಾದ ಕಾರಣ ಎಂಬಲ್ಲಿ ‘ನಿರ್ಲಕ್ಷ್ಯ’ ಎಂದು ಟೈಪ್ ಮಾಡಿ, ಅದರ ಕೆಳಗೇ ನನ್ನ ಸಹಿಗೆ ಜಾಗ ಬಿಟ್ಟಿದ್ದರು. ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಹಾಕಿಬಿಡುವ ಮನಸ್ಸೂ ಬಂದಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಆಫೀಸಿಗೆ ಕೊಟ್ಟ ಹೇಳಿಕೆಯಲ್ಲಿ ನವೆಂಬರ್ ಎಂದೇ ಬರೆದಿದ್ದೇನೆ, ನಿಮಗೆ ಬರೆಯುವಾಗ ಮಾತ್ರ ಕೈ ಬರಲಿಲ್ಲ. ಗುರುವಾರ ಅದನ್ನು ಆ ಮೇಜಿನ ಮುಂದೆ ಗಟ್ಟಿಯಾಗಿ ಓದುತ್ತಾರೆ. ನನ್ನ ಬಗ್ಗೆ ಇದನ್ನು ನೀವು ನಾಲ್ಕು ಜನರ ಎದುರು ಮೊದಲ ಸಲ ಕೇಳಬಾರದು.